ಹೂಂಗುಟ್ಟಿದ ತಪ್ಪಿಗೆ

ಆಕೆ ಕೂತದ್ದನ್ನು ಕಂಡವರು ಆ ಶಾಲೆಯಲ್ಲಿ ಕಡಿಮೆ. ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಕೈಗಳಿದ್ದ ದೊಡ್ಡ ಕುರ್ಚಿಯೊಂದಿತ್ತು. ಅದರಲ್ಲಿ ಸಾಮಾನ್ಯವಾಗಿ ಕೂತಿರುತ್ತಿದ್ದದ್ದು ಆಕೆಯ ಕೈಚೀಲ. ಆಕೆ ಮಾತ್ರ ಬೆಳಿಗ್ಗೆ ಗೇಟಿನ ಹತ್ತಿರ, ಗಂಟೆ ಹೊಡೆದ ಮೇಲೆ ಮೆಟ್ಟಿಲ ಮೇಲೆ, ಆಮೇಲೆ ತರಗತಿಯಿಂದ ತರಗತಿಗೆ, ನಲ್ಲಿಯ ಹತ್ತಿರ, ಸೈಕಲ್ ನಿಲ್ಲಿಸುವ ಕಡೆ. ಮಕ್ಕಳು ಬುಗುರಿ ಎಂದು ಹೆಸರಿಟ್ಟಿದ್ದರು. ಅದು ಆಕೆಗೂ ಗೊತ್ತಿತ್ತು. ‘ಬುಗುರಿ ನಿಂತ್ರೆ ಬಿದ್ದುಹೋಗುತ್ತೆ ಕಣ್ರೋ’ ಎಂದು ಒಮ್ಮೆ ತಾನೇ ಹೇಳಿ, ಮರೆಯಲ್ಲಿ ನಗುತ್ತಿದ್ದವರನ್ನು ಎದುರಿಗೇ ನಗಿಸಿದ್ದಳು.

ಭೂಗೋಳದ ಟೀಚರಾಗಿ ಬಹಳ ಕಾಲ ದುಡಿದು ಮುಖ್ಯೋಪಾಧ್ಯಾಯಿನಿಯಾದವಳು. ಆದ ದಿನವೇ ಕೋಣೆಯ ಬಾಗಿಲಿನ ಪರದೆ ತೆಗೆಸಿದಳು. ಯಾರು ಬೇಕಾದರೂ ಬರಬಹುದು, ಏನು ಬೇಕಾದರೂ ಹೇಳಬಹುದು. ಎಲ್ಲರ ಮಾತಿಗೂ ಕಿವಿಗೊಡುವವಳು ಎಂಬ ಹೆಸರು ಬಂತು. ಆ ಹೆಸರಿನ ಮೇಲೆ ಆಕೆಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಕಿವಿ ಕೈಕೊಡಲು ಶುರುವಾದದ್ದು ಯಾವಾಗ ಎಂದು ಆಕೆಗೇ ಸರಿಯಾಗಿ ಗೊತ್ತಿಲ್ಲ. ಮೊದಲು ಗಂಟೆಯ ಸದ್ದು ಬಟ್ಟೆ ಸುತ್ತಿ ಹೊಡೆದಂತೆ ಕೇಳಿಸತೊಡಗಿತು. ಜವಾನನನ್ನು ಕರೆದು, ‘ಕೈಯಲ್ಲಿ ಶಕ್ತಿ ಇಲ್ವಾ ನಿನಗೆ?’ ಎಂದು ಗದರಿದಳು. ಅವನು ಮರುದಿನದಿಂದ ಬೀದಿಯ ನಾಯಿಗಳೆಲ್ಲ ಬೊಗಳುವಷ್ಟು ಜೋರಾಗಿ ಹೊಡೆದ. ಆಮೇಲೆ ಮಕ್ಕಳ ಮಾತು ಕರಗತೊಡಗಿತು. ದನಿ ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಏನೂ ತೊಂದರೆಯಿರಲಿಲ್ಲ. ಯಾಕೆಂದರೆ ಗಂಡ ಬಸ್ ಕಂಡಕ್ಟರ್. ಎಂಜಿನ್ನಿನ ಗದ್ದಲದ ಮೇಲೆ ನಿಲ್ದಾಣಗಳ ಹೆಸರು ಕೂಗಿ ಕೂಗಿ, ಮನೆಯಲ್ಲಿ ‘ಟೀ ಕೊಡು’ ಎನ್ನುವುದನ್ನೂ ಹಿಂದಿನ ಬಾಗಿಲಿನವರೆಗೆ ಕೇಳುವಂತೆ ಹೇಳುವ ಮನುಷ್ಯ.

ಇದನ್ನು ಪತ್ತೆ ಹಿಡಿದದ್ದು ಅತ್ತೆ. ಅತ್ತೆಗೆ ಕಿವಿ ಮಂದವಾಗಿ ಎಷ್ಟೋ ಕಾಲವಾಗಿತ್ತು. ಒಂದು ಸಂಜೆ ಸೊಸೆ ಒಗೆದ ಬಟ್ಟೆ ಮಡಚುತ್ತಿದ್ದಳು. ಹಿಂದೆ ಕೂತಿದ್ದ ಅತ್ತೆ ಏನೋ ಅಂದರು.

‘ನಾಳೆ ಬರ್ತಾ ತರ್ತೀನಿ ಅತ್ತೆ’ ಎಂದಳು ಸೊಸೆ.

‘ನಾಲ್ಕನ್ನೂ ತರ್ತೀಯೋ, ಒಂದು ಸಾಕೋ?’

ಸೊಸೆ ತಿರುಗಿದಳು. ‘ಯಾವ ನಾಲ್ಕು?’

‘ಪಕ್ಕದ್ಮನೆ ಬೆಕ್ಕು ನಾಲ್ಕು ಮರಿ ಹಾಕಿದೆ ಅಂದೆ. ತರ್ತೀನಿ ಅಂದ್ಯಲ್ಲ!’

ಸೊಸೆ ಕೈಯಲ್ಲಿದ್ದ ಅಂಗಿಯನ್ನು ಮತ್ತೆ ಬಿಚ್ಚಿ ಮತ್ತೆ ಮಡಚಿದಳು. ಅತ್ತೆ ನಗು ನಿಲ್ಲಿಸಿ ಹತ್ತಿರ ಬಂದರು.

‘ನನಗೆ ವಯಸ್ಸಾಗಿ ಹೋಯ್ತು ಕಣೇ. ನಿನಗೇನು ಕೇಡು ಬಂತು ಈಗಲೇ? ಡಾಕ್ಟರ ಹತ್ರ ಹೋಗು.’

‘ಶಾಲೇಲಿ ಗೊತ್ತಾದ್ರೆ ಕಷ್ಟ ಅತ್ತೆ. ಯಾರಿಗೂ ಹೇಳ್ಬೇಡಿ.’

‘ಕಿವುಡಿ ಬಂದು ಕಿವುಡಿ ಹತ್ರ ಗುಟ್ಟು ಹೇಳಿದ ಹಾಗಾಯ್ತು’ ಎಂದರು ಅತ್ತೆ. ಆದರೆ ಯಾರಿಗೂ ಹೇಳಲಿಲ್ಲ.

ಡಾಕ್ಟರು ಬಲಗಿವಿ ಬಹುಪಾಲು ಹೋಗಿದೆ, ಎಡಗಿವಿಯೂ ಅದೇ ದಾರಿ ಹಿಡಿದಿದೆ ಎಂದರು. ಕಿವಿಗೆ ಹಾಕಿಕೊಳ್ಳುವ ಮಿಷನ್ನು ಕೊಟ್ಟರು. ಆಕೆ ಅದನ್ನು ಪುಟ್ಟ ಡಬ್ಬಿಯಲ್ಲಿಟ್ಟು ಕೈಚೀಲದ ತಳಕ್ಕೆ ಹಾಕಿದಳು. ಹಾಕಿಕೊಳ್ಳಲಿಲ್ಲ.

ಅದಕ್ಕೊಂದು ಕಾರಣವಿತ್ತು. ಹಿಂದೆ ಅದೇ ಶಾಲೆಯಲ್ಲಿ ಚಿತ್ರಕಲೆಯ ಮೇಷ್ಟ್ರೊಬ್ಬರಿಗೆ ಕಿವಿ ಕೇಳಿಸದಂತಾಗಿತ್ತು. ಮಕ್ಕಳು ಅವರ ಮುಂದೆ ನಿಂತು ದನಿಯಿಲ್ಲದೆ ಬರೀ ತುಟಿ ಆಡಿಸುತ್ತಿದ್ದರು. ಅವರು ಕಿವಿಗೆ ಅಂಗೈ ಹಿಡಿದು ‘ಏನಪ್ಪಾ?’ ಎಂದು ಬಾಗಿದಷ್ಟೂ ನಗು. ಒಂದು ರಜೆ ಮುಗಿದು ಶಾಲೆ ಮತ್ತೆ ಶುರುವಾದಾಗ ಅವರ ಜಾಗದಲ್ಲಿ ಬೇರೆಯವರಿದ್ದರು. ಯಾರೂ ಏನೂ ಕೇಳಲಿಲ್ಲ.

ಹಾಗಾಗಿ ಆಕೆ ಉಪಾಯಗಳನ್ನು ಕಲಿತಳು. ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು. ಎದುರಿನವರ ತುಟಿ ನೋಡುವುದು. ತಾನೇ ಮೊದಲು ಮಾತು ಶುರುಮಾಡಿ ತಾನೇ ಮುಗಿಸುವುದು. ಎಲ್ಲಕ್ಕಿಂತ ಸುಲಭದ್ದೆಂದರೆ ತಲೆಯಾಡಿಸುವುದು. ಹೇಳುವವರ ಮುಖ ಬಾಡಿದ್ದರೆ ‘ಅಯ್ಯೋ’, ಅರಳಿದ್ದರೆ ‘ಒಳ್ಳೇದಾಯ್ತು’, ಏನೂ ಗೊತ್ತಾಗದಿದ್ದರೆ ‘ಹೂಂ, ಮಾಡೋಣ’. ಸಂಜೆ ಮನೆಗೆ ಹೋಗುವ ದಾರಿಯುದ್ದಕ್ಕೂ ಮನಸ್ಸು ಅದನ್ನೇ ಕೆದಕುತ್ತಿತ್ತು. ಇವತ್ತು ಯಾರಿಗೆ ಹೂಂ ಅಂದೆ? ಯಾವುದಕ್ಕೆ ಅಂದೆ? ಮೊದಲೆಲ್ಲ ಏನು ನಡೆಯುತ್ತಿದೆ ಎಂದು ತಿಳಿಯಲು ಸುತ್ತುತ್ತಿದ್ದವಳು ಈಗ ಯಾರೂ ನಿಲ್ಲಿಸಿ ಮಾತಾಡಿಸದಿರಲಿ ಎಂದು ಸುತ್ತುತ್ತಿದ್ದಳು. ಮಕ್ಕಳು ಗುಂಪಾಗಿ ಮುತ್ತಿಕೊಳ್ಳುವ ಶಾಲೆಯ ಹಿತ್ತಲ ಕಡೆಗೆ ಹೋಗುವುದನ್ನೇ ಬಿಟ್ಟಳು. ನಡಿಗೆಯ ವೇಗ ಮಾತ್ರ ಕಡಿಮೆಯಾಗಿರಲಿಲ್ಲ, ಹೀಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಗಣಿತದ ಮೇಷ್ಟ್ರು ಸಣ್ಣ ದನಿಯವರು. ಅವರ ಮಾತು ಅವರ ಅಂಗಿಯ ಜೇಬು ದಾಟುವುದಿಲ್ಲ ಎಂದು ಉಳಿದ ಮೇಷ್ಟ್ರುಗಳು ತಮಾಷೆ ಮಾಡುತ್ತಿದ್ದರು. ಕೆಲಸದಲ್ಲಿ ಶ್ರದ್ಧೆಯವರು, ಸಂಕೋಚದ ಮನುಷ್ಯ. ಒಂದು ದಿನ ಊಟದ ಬಿಡುವಿನಲ್ಲಿ, ಮಕ್ಕಳ ಕೂಗಾಟದ ನಡುವೆ, ಕಾರಿಡಾರಿನಲ್ಲಿ ಆಕೆಯ ಬಲಗಡೆ ಬಂದು ನಡೆಯುತ್ತಲೇ ಏನೋ ಹೇಳಿದರು. ‘ಮಕ್ಕಳು’ ಎಂಬುದು ಕೇಳಿಸಿತು, ‘ಹಿಂದಿನ ಕೋಣೆ’ ಎಂಬುದು ಕೇಳಿಸಿತು. ಕೋಣೆ ಗುಡಿಸಬೇಕು ಎನ್ನುತ್ತಿರಬಹುದು.

‘ಆಯ್ತು ಸರ್, ಹಾಗೇ ಮಾಡಿ’ ಎಂದಳು.

ಮೇಷ್ಟ್ರ ಮುಖ ಹಗುರಾಯಿತು. ಸದ್ಯ, ಉತ್ತರ ಸರಿಹೋಯಿತು ಅಂದುಕೊಂಡು ಆಕೆ ಮುಂದೆ ನಡೆದಳು.

ಕೆಲವು ವಾರಗಳ ನಂತರ ಒಬ್ಬ ಹೆಂಗಸು ನೇರವಾಗಿ ಕೋಣೆಯೊಳಕ್ಕೆ ಬಂದಳು. ಬೇಕರಿಯಲ್ಲಿ ಕೆಲಸ ಮಾಡುವವಳು. ಕೆಲಸದ ನಡುವೆಯೇ ಎದ್ದು ಬಂದಿದ್ದಳು, ತೋಳಿನ ಮೇಲೆ ಮೈದಾ ಹಿಟ್ಟು ಹಾಗೇ ಇತ್ತು. ಸಿಟ್ಟಿನಲ್ಲಿ ಮಾತು ಒಂದರ ಮೇಲೊಂದು ಬೀಳುತ್ತಿತ್ತು.

‘ಸ್ವಲ್ಪ ನಿಧಾನ ಹೇಳಿ ಅಮ್ಮಾ’ ಎಂದಳು ಈಕೆ.

ಹೆಂಗಸು ಮತ್ತೆ ಹೇಳಿದಳು. ಈಕೆಗೆ ಮತ್ತೆ ತಿಳಿಯಲಿಲ್ಲ. ಅಭ್ಯಾಸಬಲದಿಂದ ತಲೆಯಾಡಿಸಿ, ‘ಹೂಂ, ನೋಡೋಣ’ ಅಂದುಬಿಟ್ಟಳು.

‘ಏನ್ರೀ ನೋಡೋಣ?’ ಹೆಂಗಸು ಕಿರುಚಿದಳು. ಈಗ ಪ್ರತಿ ಅಕ್ಷರವೂ ಕೇಳಿಸಿತು. ‘ನನ್ ಮಗಳನ್ನ ಸಾಮಾನು ಕೋಣೇಲಿ ಕೂರಿಸಿದ್ದೀರಿ, ನೀವೇ ಒಪ್ಪಿದ್ದಂತೆ, ಈಗ ನೋಡೋಣ ಅಂತೀರಾ? ಕೇಳ್ಸದವರ ಥರ ನಾಟಕ ಆಡ್ತೀರಾ?’

ಈಕೆ ಹಿತ್ತಲಿಗೆ ಓಡಿದಂತೆ ನಡೆದಳು, ಹೆಂಗಸು ಹಿಂದೆಯೇ ಬಂದಳು. ನೀರಿನ ಟ್ಯಾಂಕಿನ ಹಿಂದೆ, ಮುರಿದ ಬೆಂಚುಗಳನ್ನು ಪೇರಿಸಿಡುವ ಕೋಣೆ. ಬಾಗಿಲು ತೆರೆದಿತ್ತು. ಸುರುಳಿ ಸುತ್ತಿಟ್ಟ ಹಳೆಯ ಭೂಪಟಗಳ ಪಕ್ಕದಲ್ಲಿ ಏಳನೇ ತರಗತಿಯ ಹತ್ತು ಹನ್ನೆರಡು ಮಕ್ಕಳು ಕೂತು ಮಗ್ಗಿ ನಕಲು ಮಾಡುತ್ತಿದ್ದರು. ಆ ಭೂಪಟಗಳು ಆಕೆಯವೇ. ಎಷ್ಟೋ ವರ್ಷ ಅವನ್ನು ಹಿಡಿದು ಪಾಠ ಮಾಡಿದ್ದಳು. ಗಣಿತದ ಅವಧಿಯಲ್ಲಿ ಈ ಮಕ್ಕಳನ್ನು ಇಲ್ಲಿಗೆ ಕಳಿಸುತ್ತಿದ್ದರು. ಉಳಿದವರಿಗೆ ತರಗತಿಯಲ್ಲಿ ಪಾಠ ನಡೆಯುತ್ತಿತ್ತು.

ದಪ್ಪ ಕನ್ನಡಕದ ಹುಡುಗಿಯೊಬ್ಬಳು ಎದ್ದು ನಿಂತಳು. ಬೇಕರಿಯವಳ ಮಗಳು ಅವಳೇ.

‘ಇಲ್ಲೇನು ಮಾಡ್ತಿದ್ದೀರಿ ಪುಟ್ಟಾ?’

ಹುಡುಗಿ ಏನೋ ಅಂದಳು.

‘ಏನು?’

ಹುಡುಗಿ ಇನ್ನೊಮ್ಮೆ ಹೇಳಿದಳು. ಕೋಣೆಯಲ್ಲಿ ಕತ್ತಲು, ತುಟಿ ಸರಿಯಾಗಿ ಕಾಣುತ್ತಿರಲಿಲ್ಲ.

‘ಜೋರಾಗಿ ಹೇಳು.’

‘ಇದು ದಡ್ಡರ ಕ್ಲಾಸು ಮೇಡಂ!’ ಹುಡುಗಿ ಕೂಗಿದಳು. ದನಿ ಹೊರಗಿನ ಅಂಗಳದವರೆಗೂ ಹೋಯಿತು. ಟ್ಯಾಂಕಿನ ಬಳಿ ನೀರು ಕುಡಿಯುತ್ತಿದ್ದ ಯಾರೋ ನಕ್ಕರು. ಹುಡುಗಿ ಬಗ್ಗಿ ತನ್ನ ಪೆನ್ಸಿಲ್ ಹುಡುಕತೊಡಗಿದಳು. ಪೆನ್ಸಿಲ್ ಅವಳ ಕೈಯಲ್ಲೇ ಇತ್ತು.

ಬಾಗಿಲಲ್ಲಿ ನಿಂತಿದ್ದ ತಾಯಿ ಮಗಳ ಕೈಹಿಡಿದು ಹೊರಟುಹೋದಳು. ಆಕೆ ಉಳಿದ ಮಕ್ಕಳನ್ನು ಅವರ ತರಗತಿಗೆ ತಾನೇ ಕರೆದುಕೊಂಡು ಹೋಗಿ ಕೂರಿಸಿದಳು. ಗಣಿತದ ಮೇಷ್ಟ್ರು ಸೀಮೆಸುಣ್ಣ ಹಿಡಿದು ನಿಂತೇ ಇದ್ದರು.

ಅವಧಿ ಮುಗಿಯುತ್ತಲೇ ಅವರನ್ನು ಕರೆಸಿದಳು. ಸಿಟ್ಟು ತಲೆಗೇರಿತ್ತು. ‘ಯಾರನ್ನ ಕೇಳಿ ಮಾಡಿದ್ರಿ ಇದನ್ನ?’

ಮೇಷ್ಟ್ರ ತುಟಿ ಅಲುಗಿತು.

‘ಬಾಯಿಬಿಟ್ಟು ಹೇಳಿ!’

‘ನಿಮ್ಮನ್ನೇ ಕೇಳ್ದೆ ಮೇಡಂ’ ಎಂದರು ಮೇಷ್ಟ್ರು, ಕೆಂಪೇರಿ. ‘ಕಾರಿಡಾರಲ್ಲಿ. ಹಾಗೇ ಮಾಡಿ ಅಂದ್ರಿ.’

ಇಲ್ಲ ಎಂದುಬಿಡಬಹುದಿತ್ತು. ಅವರ ಮಾತಿಗೆ ಸಾಕ್ಷಿಯಿರಲಿಲ್ಲ, ಶಾಲೆ ಆಕೆಯ ಮಾತನ್ನೇ ನಂಬುತ್ತಿತ್ತು. ಇಲ್ಲ ಎನ್ನುವುದು ನಾಲಿಗೆಯ ತುದಿಗೂ ಬಂದಿತ್ತು. ಆಕೆ ಕಿಟಕಿಗೆ ಹೋದಳು, ಬಾಗಿಲಿಗೆ ಬಂದಳು, ಮತ್ತೆ ಕಿಟಕಿಗೆ ಹೋಗಿ ಹೊರಗಿನ ಗದ್ದಲ ಬಾರದಂತೆ ಅದನ್ನು ಮುಚ್ಚಿದಳು. ಆಮೇಲೆ ಕುರ್ಚಿಯ ಮೇಲಿದ್ದ ಕೈಚೀಲವನ್ನು ಕೆಳಗಿಟ್ಟು ಕೂತಳು.

‘ಸರ್, ಈ ಎಡಗಡೆ ಕೂತ್ಕೊಳ್ಳಿ. ನನ್ನ ಮುಖ ನೋಡ್ಕೊಂಡು ಮೊದಲಿಂದ ಹೇಳಿ. ನಡುವೆ ನಾನು ಮಾತಾಡಲ್ಲ.’

ಮೇಷ್ಟ್ರು ಹೇಳಿದರು. ಏಳನೇ ತರಗತಿಯಲ್ಲಿ ಎರಡು ವಿಭಾಗದ ಮಕ್ಕಳನ್ನು ಒಂದೇ ಕೋಣೆಗೆ ತುಂಬಿದ್ದು. ಮುಂದಿನವರು ಓಡುತ್ತಾರೆ, ಹಿಂದಿನವರು ಕೂತುಬಿಡುತ್ತಾರೆ, ತಾನು ನಡುವೆ ಸಿಕ್ಕಿ ಒದ್ದಾಡುವುದು. ಇದನ್ನು ವರ್ಷದ ಮೊದಲಲ್ಲೇ ಹೇಳಿದ್ದರಂತೆ. ಜೊತೆಗೆ ಇನ್ನೊಬ್ಬರನ್ನು ಕೊಡಿ ಎಂದಿದ್ದರಂತೆ. ಆಕೆ ‘ಮಾಡೋಣ’ ಎಂದಿದ್ದಳಂತೆ. ಮತ್ತೆ ಕೇಳಿದಾಗಲೂ ‘ಮಾಡೋಣ’. ಕೊನೆಗೆ ಬೇರೆ ದಾರಿ ಕಾಣದೆ ಹೀಗೆ ಮಾಡಿದರು.

‘ನನಗೇನು ಖುಷಿಯಿಂದ ಅವರನ್ನ ಹೊರಗೆ ಹಾಕಿದ್ದಾ ಮೇಡಂ? ಅವರ ಮುಖ ನೋಡೋಕಾಗ್ದೆ ಹಾಕಿದ್ದು’ ಎಂದರು ಮೇಷ್ಟ್ರು. ಅವರ ದನಿ ಅಷ್ಟು ಮೇಲೇರಿದ್ದನ್ನು ಆಕೆ ಎಂದೂ ಕೇಳಿರಲಿಲ್ಲ.

ಆ ಸಂಜೆ ಮನೆಯಲ್ಲಿ ಆಕೆ ಅಡುಗೆಮನೆ, ವರಾಂಡ, ಅಡುಗೆಮನೆ ಎಂದು ಸುತ್ತಿದ್ದೇ ಸುತ್ತಿದ್ದು. ಪಾಳಿ ಮುಗಿಸಿ ಬಂದ ಗಂಡ ಶೂ ಬಿಚ್ಚುತ್ತ ನೋಡಿದ.

‘ಏನಾಯ್ತೇ?’

ಹೇಳಿದಳು. ಕಿವಿಯ ವಿಷಯವನ್ನೂ ಸೇರಿಸಿ. ಗಂಡನಿಗೆ ಅದು ಗೊತ್ತಿದ್ದೇ ಇರಲಿಲ್ಲ. ಅವನು ಒಂದು ಕಾಲಿನ ಶೂ ಕೈಯಲ್ಲಿ ಹಿಡಿದು ಹಾಗೇ ಕೂತ.

‘ನನ್ ಮಾತು ಕೇಳ್ಸುತ್ತಾ?’ ಎಂದ, ಎಂದಿನಂತೆ ಬೀದಿಗೆ ಕೇಳುವ ಹಾಗೆ.

‘ನಿನ್ನ ಮಾತು ಸತ್ತವರಿಗೂ ಕೇಳ್ಸುತ್ತೆ’ ಎಂದರು ಅತ್ತೆ ಮೂಲೆಯಿಂದ.

ನಗು ಬರಬೇಕಿತ್ತು, ಬರಲಿಲ್ಲ. ‘ಹೇಳಿದ್ರೆ ಕೆಲಸ ಹೋಗುತ್ತೆ ಕಣ್ರೀ’ ಎಂದಳು ಆಕೆ. ‘ಆ ಡ್ರಾಯಿಂಗ್ ಮೇಷ್ಟ್ರ ಗತಿ ಕಣ್ಣಾರೆ ನೋಡಿದ್ದೀನಿ.’

‘ಹೇಳ್ದೇ ಇದ್ರೆ?’

‘ಹೇಳ್ದೇ ಇದ್ರೆ ಆ ಮೇಷ್ಟ್ರು ಸುಳ್ಳರಾಗ್ತಾರೆ. ಬೇಕರಿಯವಳು ನಾಳೆ ಆಡಳಿತ ಮಂಡಳಿ ಕಾರ್ಯದರ್ಶಿ ಹತ್ರ ಹೋಗ್ತಾಳೆ. ಎಲ್ಲಾ ಅವರ ತಲೆ ಮೇಲೇ ಬರುತ್ತೆ.’

‘ನೋಡೇ, ಬ್ರೇಕ್ ಸರಿಯಿಲ್ಲ ಅಂತ ಡ್ರೈವರ್‌ಗೆ ಗೊತ್ತಿದ್ದೂ ಗಾಡಿ ತೆಗೆದ್ರೆ, ನಾನಾಗಿದ್ರೆ ಆ ಬಸ್ ಹತ್ತಲ್ಲ’ ಎಂದ ಗಂಡ. ಅಷ್ಟು ಮೆತ್ತಗೆ ಅವನು ಮಾತಾಡಿದ್ದು ಅಪರೂಪ. ಆಕೆಗೆ ಎರಡನೆಯ ಸಲ ಕೇಳಿ ತಿಳಿದುಕೊಳ್ಳಬೇಕಾಯಿತು.

ಮರುದಿನ ಮಕ್ಕಳು ಹೋದ ಮೇಲೆ ಶಿಕ್ಷಕರ ಸಭೆ ಕರೆದಳು. ಮಿಷನ್ನು ಕಿವಿಯಲ್ಲಿತ್ತು. ಹಾಕಿಕೊಂಡ ಮೊದಲ ದಿನವಾದ್ದರಿಂದ ಕುರ್ಚಿ ಎಳೆಯುವ ಸದ್ದು, ಕಾಗದದ ಸರಪರ, ಯಾರದೋ ಕೆಮ್ಮು ಎಲ್ಲವೂ ತಲೆಯೊಳಗೇ ನಡೆದಂತಿತ್ತು.

‘ನನಗೆ ಕಿವಿ ಸರಿಯಾಗಿ ಕೇಳ್ಸಲ್ಲ’ ಎಂದಳು. ‘ಬಹಳ ದಿನ ಆಯ್ತು.’

ವ್ಯಾಯಾಮದ ಮೇಷ್ಟ್ರು ತಮಾಷೆಯೆಂದುಕೊಂಡು ನಕ್ಕರು. ಯಾರೂ ಜೊತೆಗೂಡಲಿಲ್ಲ.

‘ಗಣಿತದ ಮೇಷ್ಟ್ರು ನನ್ನನ್ನ ಕೇಳಿಯೇ ಮಕ್ಕಳನ್ನ ಆ ಕೋಣೆಗೆ ಕಳಿಸಿದ್ದು. ನಾನು ಕೇಳಿಸ್ಕೊಳ್ಳದೆ ಹೂಂ ಅಂದೆ. ನಿಮಗೆ ಇನ್ಯಾರಿಗೆ ಏನಕ್ಕೆ ಹೂಂ ಅಂದಿದ್ದೀನೋ ನನಗೇ ಗೊತ್ತಿಲ್ಲ. ಒಬ್ಬೊಬ್ಬರಾಗಿ ಹೇಳಿ, ಈಗ ಕೇಳ್ಸುತ್ತೆ.’

ಮೊದಲು ವಿಜ್ಞಾನದ ಟೀಚರು, ತಾನು ಕೇಳಿದ್ದ ರಜೆಗೆ ಆಕೆ ಹೂಂ ಅಂದು ಆಮೇಲೆ ಸಂಬಳ ಹಿಡಿದದ್ದನ್ನು ಹೇಳಿದರು. ಇನ್ನೊಬ್ಬರು ಹಾಗೆಯೇ ಮತ್ತೊಂದು. ಎಲ್ಲರೂ ಒಟ್ಟಿಗೆ ಶುರುಮಾಡಿದಾಗ ಆಕೆ ಕೈಯೆತ್ತಿ, ‘ಒಬ್ಬರ ಮೇಲೆ ಒಬ್ಬರು ಮಾತಾಡಿದ್ರೆ ನನಗೆ ಸಂತೆ ಗದ್ದಲ ಆಗುತ್ತೆ, ಒಬ್ಬರಾದ ಮೇಲೆ ಒಬ್ಬರು’ ಎಂದಳು. ಆ ಸಭೆಯಲ್ಲಿ ಎಂದೂ ಬಾಯಿ ತೆರೆಯದವರಿಗೂ ಸರದಿ ಬಂತು. ಯಾವಾಗಲೂ ಅವರ ಮಾತನ್ನು ನುಂಗುತ್ತಿದ್ದ ಜೋರು ದನಿಯವರು ಕಾಯಬೇಕಾಯಿತು. ಕೆಲವರಿಗೆ ಅದು ಹಿಡಿಸಲಿಲ್ಲ.

‘ಆ ಮಕ್ಕಳು ವಾಪಸು ಬಂದ್ರು, ಸರಿ. ನಾನೊಬ್ಬನೇ ಏನು ಮಾಡ್ಲಿ?’ ಎಂದು ಕೇಳಿದರು ಗಣಿತದ ಮೇಷ್ಟ್ರು. ಕ್ಷಮಿಸಿದವರ ದನಿಯಲ್ಲ ಅದು.

‘ಇನ್ನೊಬ್ಬರು ಸಿಗೋತನಕ ನಾನೇ ಬರ್ತೀನಿ.’

‘ನಿಮಗೆ ಗಣಿತ ಬರುತ್ತಾ ಮೇಡಂ?’

‘ಭಿನ್ನರಾಶಿ ಅಂದ್ರೆ ಈಗಲೂ ಭಯ’ ಎಂದಳು.

ಹಾಗೆ ಆಕೆ ದಿನವೂ ಗಣಿತದ ಅವಧಿಯಲ್ಲಿ ಏಳನೇ ತರಗತಿಯ ಕೊನೆಯ ಬೆಂಚಿನಲ್ಲಿ ಕೂರತೊಡಗಿದಳು. ಮೊದಲ ದಿನವೇ ಒಂದು ವಿಷಯ ತಿಳಿಯಿತು. ಮೇಷ್ಟ್ರು ಪಾಠ ಶುರುಮಾಡಿ ಸ್ವಲ್ಪ ಹೊತ್ತಿಗೆ ಆಕೆ ಕೈಯೆತ್ತಿದಳು. ‘ಸರ್, ನನಗೇನೂ ಕೇಳ್ಸ್ತಿಲ್ಲ.’

‘ನಮಗೂ ಕೇಳ್ಸಲ್ಲ ಮೇಡಂ’ ಎಂದ ಪಕ್ಕದ ಹುಡುಗ. ಸಹಜವಾಗಿ, ಹವಾಮಾನದ ಸುದ್ದಿ ಹೇಳಿದಂತೆ.

‘ಮತ್ತೆ ಹೇಳ್ಬಾರ್ದಾ?’

‘ಕೇಳ್ಸಲ್ಲ ಅಂದ್ರೆ ಗಮನ ಕೊಡಲ್ಲ ಅಂತ ಬೈತಾರೆ.’

ಮೇಷ್ಟ್ರು ಕಪ್ಪುಹಲಗೆ ಬಿಟ್ಟು ತರಗತಿಯ ನಡುವಿನವರೆಗೆ ನಡೆದು ಬಂದರು. ಅಲ್ಲಿಂದಲೇ ಮತ್ತೆ ಶುರುಮಾಡಿದರು. ಕೆಲವು ಮಕ್ಕಳು ಅಂದೇ ತಲೆಯೆತ್ತಿದರು. ಎಲ್ಲರೂ ಅಲ್ಲ. ಒಬ್ಬ ಹುಡುಗನಿಗೆ ಭಾಗಾಕಾರ ವರ್ಷದ ಕೊನೆಯವರೆಗೂ ಕಬ್ಬಿಣದ ಕಡಲೆಯಾಗಿಯೇ ಉಳಿಯಿತು. ಬೇಕರಿಯವಳ ಮಗಳು ಒಂದು ವಾರ ಶಾಲೆಗೇ ಬರಲಿಲ್ಲ. ಆಕೆ ಬೇಕರಿಗೆ ಹೋಗಿ ಕಪಾಟುಗಳ ನಡುವೆ ನಿಂತು ತಪ್ಪೊಪ್ಪಿಕೊಂಡಳು. ತಾಯಿ ಬ್ರೆಡ್ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. ‘ಕಳಿಸ್ತೀನಿ. ನಿಮಗೋಸ್ಕರ ಅಲ್ಲ’ ಎಂದಳು ಅಷ್ಟೇ.

ಅಷ್ಟರಲ್ಲಿ ಸುದ್ದಿ ಆಡಳಿತ ಮಂಡಳಿಗೆ ಮುಟ್ಟಿತ್ತು. ಕೆಲವು ತಂದೆತಾಯಂದಿರು, ಚೆನ್ನಾಗಿ ಓದುವ ನಮ್ಮ ಮಕ್ಕಳ ಪಾಠ ನಿಧಾನವಾಗುತ್ತಿದೆ ಎಂದು ದೂರಿದ್ದರು. ಕಾರ್ಯದರ್ಶಿ ಖುದ್ದಾಗಿ ಬಂದರು. ಒಳ್ಳೆಯ ಮಾತಿನ ಮನುಷ್ಯ.

‘ನಿಮ್ಮ ಬಗ್ಗೆ ನಮಗೆ ಗೌರವ ಇದೆ ಮೇಡಂ. ಆದ್ರೆ ಹೆಡ್‌ಮಿಸ್ಸಿಗೇ ಕಿವಿ ಕೇಳ್ಸಲ್ಲ ಅಂದ್ರೆ ಹೊರಗಿನವರು ಏನಂತಾರೆ? ನೀವು ಪಾಠ ಮಾಡ್ಕೊಂಡು ನೆಮ್ಮದಿಯಾಗಿರಿ. ಈ ಜವಾಬ್ದಾರಿ ಬೇರೆಯವರು ನೋಡ್ಕೊಳ್ಳಲಿ.’

‘ಕೇಳ್ಸದೇ ಇದ್ದಾಗ ಯಾರೂ ಏನೂ ಅನ್ನಲಿಲ್ಲ ಸರ್’ ಎಂದಳು ಆಕೆ. ‘ಕೇಳ್ಸಲ್ಲ ಅಂತ ಹೇಳಿದ ಮೇಲೆ ತೊಂದರೆ ಆಯ್ತು.’

ಕಾರ್ಯದರ್ಶಿ ಬಾಗಿಲ ಕಡೆ ನೋಡಿದರು. ಗಣಿತದ ಮೇಷ್ಟ್ರು ಅಲ್ಲಿ ನಿಂತಿದ್ದರು. ಅವರನ್ನು ಕಾರ್ಯದರ್ಶಿಯೇ ಕರೆಸಿದ್ದು.

‘ನಿಮಗೇ ಅಲ್ವಾ ತೊಂದರೆ ಆಗಿದ್ದು? ಹೇಳಿ.’

‘ಆಗಿತ್ತು’ ಎಂದರು ಮೇಷ್ಟ್ರು. ‘ಈಗ ಬೇರೆ ತೊಂದರೆ. ದಿನಾ ಹಿಂದಿನ ಬೆಂಚಿಂದ ಕೈಯೆತ್ತಿ ಜೋರಾಗಿ ಹೇಳಿ ಅಂತಾರೆ, ನನ್ನ ಗಂಟಲು ಹೋಗಿದೆ. ಆದ್ರೆ ಸರ್, ಜೊತೆಗೊಬ್ಬರನ್ನ ಕೊಡಿ ಅಂತ ನಿಮ್ಮ ಆಫೀಸಿಗೂ ಬಂದು ಕೇಳಿದ್ದೆ. ನಿಮಗೆ ಕಿವಿ ಕೇಳ್ಸುತ್ತಲ್ಲ. ನೀವೂ ನೋಡೋಣ ಅಂದಿದ್ರಿ.’

ವರ್ಷ ಮುಗಿಯಲಿ, ಆಮೇಲೆ ಯೋಚಿಸೋಣ ಎಂದು ಕಾರ್ಯದರ್ಶಿ ಎದ್ದರು. ವರ್ಷ ಮುಗಿಯಿತು. ಯೋಚಿಸಿದರೋ ಇಲ್ಲವೋ ತಿಳಿಯಲಿಲ್ಲ. ಗಣಿತಕ್ಕೆ ಇನ್ನೊಬ್ಬ ಟೀಚರು ಬಂದರು, ಅರ್ಧ ದಿನಕ್ಕೆ. ಮುಂದುವರಿಯಿರಿ ಎಂದು ಆಕೆಗೆ ಯಾರೂ ಹೇಳಲಿಲ್ಲ, ಬಿಡಿ ಎಂದೂ ಹೇಳಲಿಲ್ಲ. ಪ್ರತಿ ಸಲ ಮಂಡಳಿಯ ಸಭೆ ಬಂದಾಗಲೂ ಆಕೆಗೆ ಊಟ ಸೇರುತ್ತಿರಲಿಲ್ಲ.

ಇನ್ನೊಂದು ಆಯಿತು, ಆಕೆ ಎಣಿಸದೇ ಇದ್ದದ್ದು. ಜನ ಬಂದು ಹೇಳತೊಡಗಿದರು. ಸಮಾಜ ಪಾಠದ ಟೀಚರು ಒಂದು ದಿನ ಬಾಗಿಲು ಹಾಕಿಕೊಂಡು, ತನಗೆ ಆಗಾಗ ಫಿಟ್ಸ್ ಬರುತ್ತದೆ, ಇಷ್ಟು ದಿನ ಮುಚ್ಚಿಟ್ಟಿದ್ದೆ ಎಂದರು. ಒಬ್ಬ ತಂದೆ ಮಗನ ಅಂಕಪಟ್ಟಿ ಹಿಡಿದು ಬಂದು, ‘ನನಗೆ ಓದೋಕೆ ಬರಲ್ಲ ಮೇಡಂ, ಇವನು ಏನು ಹೇಳ್ತಾನೋ ಅದೇ ಅಂತ ಸೈನ್ ಹಾಕ್ತೀನಿ’ ಎಂದ. ಮಹಡಿಯ ಮೆಟ್ಟಿಲು ಹತ್ತಲಾಗದ ಮಗುವಿನ ಅಜ್ಜಿ ಬಂದಳು. ಪರದೆ ತೆಗೆಸಿದ್ದ ಬಾಗಿಲಲ್ಲಿ ಇಷ್ಟು ವರ್ಷ ಇವರ್ಯಾರೂ ಇಂಥ ಮಾತು ಹೊತ್ತು ಬಂದಿರಲಿಲ್ಲ.

ಕೇಳಿಸದಿದ್ದಾಗ ಇದ್ದ ಕಳವಳ ಹೋಯಿತು. ಅದರ ಜಾಗಕ್ಕೆ ಕೇಳಿಸಿದ್ದರ ಕಳವಳ ಬಂತು. ಆ ಮಗುವಿನ ತರಗತಿಯನ್ನು ಮಹಡಿಯಿಂದ ಕೆಳಗೆ ತರಬೇಕು, ಕೆಳಗಿನವರು ಒಪ್ಪುತ್ತಿಲ್ಲ. ಫಿಟ್ಸ್ ಬಂದರೆ ಏನು ಮಾಡಬೇಕೆಂದು ಪಕ್ಕದ ತರಗತಿಯವರಿಗೆ ಕಲಿಸಬೇಕು, ಆದರೆ ಆ ಟೀಚರ ಗುಟ್ಟು ಬಯಲಾಗಬಾರದು. ಓದಲು ಬಾರದ ತಂದೆಗೆ ಮಗನ ಮುಂದೆ ಮಾನ ಹೋಗದಂತೆ ಹೇಳಬೇಕು.

‘ಒಂದು ಗಳಿಗೆ ಆ ಮಿಷನ್ನು ತೆಗೆದಿಟ್ಟು ಸುಮ್ನೆ ಕೂತ್ಕೋಬಾರ್ದೇನೇ?’ ಎಂದರು ಅತ್ತೆ ಒಂದು ಭಾನುವಾರ.

ಆಕೆ ತೆಗೆದಿಟ್ಟು ಕೂತಳು. ಮನೆ ಸದ್ದಿಲ್ಲದೆ ದೂರ ಸರಿಯಿತು. ಸ್ವಲ್ಪ ಹೊತ್ತಿನಲ್ಲೇ ಎದ್ದು, ಶಾಲೆಯ ಮುಂದಿನ ಮೆಟ್ಟಿಲ ಪಕ್ಕಕ್ಕೆ ಇಳಿಜಾರು ಕಟ್ಟಬಲ್ಲ ಗಾರೆಯವನ ಮನೆ ಎಲ್ಲಿ ಎಂದು ಗಂಡನನ್ನು ಕೇಳಿದಳು. ಮಿಷನ್ನು ಬಂದ ಮೇಲೆ ಮೆತ್ತಗೆ ಮಾತಾಡಲು ಕಲಿತಿದ್ದ ಅವನು ಏನೋ ಹೇಳಿದ. ಆಕೆ ಹೂಂ ಅನ್ನಲಿಲ್ಲ. ಮಿಷನ್ನು ಹಾಕಿಕೊಂಡು, ‘ಇನ್ನೊಂದ್ಸಲ ಹೇಳಿ’ ಎಂದು ಚಪ್ಪಲಿ ಮೆಟ್ಟಿದಳು.